ಎಣ್ಣೆಗೋಡೆಯ ಊರು

ಒಂದಾನೊಂದು ಊರಿನಲ್ಲಿ ಒಬ್ಬ ಅಜ್ಜಿ ಇದ್ದಳು. ಕಥೆಯ ಊರಿಗೆ ಹೆಸರಿಡಬಾರದು ಎಂಬುದು ಆ ಅಜ್ಜಿಯದೇ ನಿಯಮ. ಆದರೆ ಈ ಊರಿಗೆ ಮೆಟ್ರೋ ಬಂದು ಕಂಬಕಂಬಕ್ಕೂ ಹೆಸರು ಬರೆದುಬಿಟ್ಟಿದ್ದಾರೆ, ಮುಚ್ಚಿಟ್ಟು ಪ್ರಯೋಜನವಿಲ್ಲ. ನಾಗಪುರದ ಬಜಾಜ್ ನಗರದಲ್ಲಿ, ಎರಡನೇ ಮಹಡಿಯ ಬಾಲ್ಕನಿಯಲ್ಲಿ, ಒಂದು ಪ್ಲಾಸ್ಟಿಕ್ ಕುರ್ಚಿ ಅವಳ ಸಿಂಹಾಸನ. ಸಿಂಹಾಸನದ ಕೆಳಗೆ ಒಂದು ಸ್ಟೀಲಿನ ಡಬ್ಬಿ. ಅದರೊಳಗೆ ಏನಿದೆ ಎಂಬುದು ರಾಜ್ಯಕ್ಕೆಲ್ಲ ಗೊತ್ತು, ಕೇಳುವ ಧೈರ್ಯ ಮಾತ್ರ ಯಾರಿಗೂ ಇಲ್ಲ. ಸಂತ್ರಾ ಬರ್ಫಿ. ಕಿತ್ತಳೆಯ ತಿರುಳು ಹಾಕಿ ಮಾಡುವ ಈ ಊರಿನ ಮಿಠಾಯಿ.

ಅಜ್ಜಿಯ ಹೆಸರು ಕಾಶಮ್ಮ, ಮುಧೋಳದ ಕಡೆಯವಳು. ಅವಳ ಮಗಳು ದಾಕ್ಷಾಯಿಣಿ ನನ್ನ ಅವ್ವ. ಅಪ್ಪನ ರೈಲ್ವೆ ನೌಕರಿ ನಮ್ಮನ್ನು ಇಲ್ಲಿಗೆ ತಂದಿತು; ಅಜ್ಜಿಯನ್ನು ಅವಳ ಮೊಣಕಾಲು ತಂದಿತು. ಅವಳ ಮಗ ಕಲ್ಲೇಶ, ನನ್ನ ಸೋದರಮಾವ, ಬುಟಿಬೋರಿಯ ಕಾರ್ಖಾನೆಯೊಂದರಲ್ಲಿ ಪಾಳಿಯ ಕೆಲಸ ಮಾಡುತ್ತ ಅಲ್ಲೇ ಒಂದು ಕೋಣೆಯಲ್ಲಿ ಇರುತ್ತಾನೆ. ಭಾನುವಾರ ತಪ್ಪದೆ ತಾಯಿಯನ್ನು ನೋಡಲು ಬರುತ್ತಾನೆ. ಬರುವಾಗ ಸೀತಾಬರ್ಡಿಯಲ್ಲಿ ಇಳಿದು ಬರ್ಫಿ ಕಟ್ಟಿಸಿಕೊಳ್ಳುತ್ತಾನೆ. ತಾಯಿಯ ಮೇಲಿನ ಅವನ ಪ್ರೀತಿ ವಾರಕ್ಕೆ ಅರ್ಧ ಕಿಲೋ.

ನಾನು ಶ್ರೀರಕ್ಷಾ. ಅಜ್ಜಿಯ ಕಥೆ ಕೇಳಿ ಬೆಳೆದವಳು, ಆ ಕಾರಣಕ್ಕೋ ಏನೋ ಬಸ್ಸಿನಲ್ಲಿ ಕೂತರೆ ಒಂದು ನಿಲ್ದಾಣ ಮುಂದೆ ಇಳಿಯುವವಳು. ಜೀವರಸಾಯನದಲ್ಲಿ ಎಂ.ಎಸ್‌ಸಿ. ಮಾಡಿ, ಡಾಕ್ಟರಾಗಲು ಹೊರಟ ಮಕ್ಕಳಿಗೆ ಸಂಜೆಯ ಕೋಚಿಂಗ್ ಕ್ಲಾಸಿನಲ್ಲಿ ಪಾಠ ಹೇಳುತ್ತೇನೆ. ಮೊದಲ ದಿನ "ಒಂದು ಊರಿನಂಥ ಒಂದು ಜೀವಕೋಶವಿತ್ತು" ಎಂದು ಶುರು ಮಾಡಿದ್ದಕ್ಕೆ ಕ್ಲಾಸಿನ ಮಾಲೀಕ ಉದಯ್ ಸರ್ ಒಳಗೆ ಕರೆಸಿದರು.

"ಮ್ಯಾಡಮ್, ಸ್ಟೋರಿ ನಹೀ. ಒಂದು ಸಾಲು, ಒಂದು ಮಾರ್ಕು. ಬರೆದುಕೊಳ್ಳಿ. ಮೈಟೋಕಾಂಡ್ರಿಯಾ ಅಂದರೆ ಜೀವಕೋಶದ ಪವರ್ ಹೌಸ್. ನ್ಯೂಕ್ಲಿಯಸ್ ಅಂದರೆ ಜೀವಕೋಶದ ಮಿದುಳು. ಲೈಸೋಸೋಮ್ ಅಂದರೆ ಆತ್ಮಹತ್ಯೆಯ ಚೀಲ."

ಇದರಲ್ಲಿ ಕಥೆಯಲ್ಲದ್ದು ಯಾವುದು ಎಂದು ನನಗೆ ಇವತ್ತಿಗೂ ಗೊತ್ತಾಗಿಲ್ಲ. ಬರೆದುಕೊಂಡೆ.

ಅಜ್ಜಿಗೆ ಸಕ್ಕರೆ ಕಾಯಿಲೆ ಬಂದು ಬಹಳ ಕಾಲವಾಯಿತು. ಗುಳಿಗೆಯ ಮೇಲೆ ಹೇಗೋ ನಡೆದಿತ್ತು. ಈ ಸಲ ಬಲಗಾಲಿನ ಹೆಬ್ಬೆರಳಿನಲ್ಲಿ ಹುಣ್ಣೊಂದು ಎದ್ದು, ಒಣಗದೆ, ಅಂಚು ಕಪ್ಪಾಗತೊಡಗಿತು. ಡಾಕ್ಟರು ನೋಡಿ, ಗುಳಿಗೆ ಸಾಲದು, ದಿನಕ್ಕೊಮ್ಮೆ ಇನ್ಸುಲಿನ್ ಚುಚ್ಚಲೇಬೇಕು, ಇಲ್ಲದಿದ್ದರೆ ಬೆರಳು ಹೋಗುತ್ತದೆ, ಬೆರಳಿಗೇ ನಿಂತರೆ ಪುಣ್ಯ ಎಂದರು. ಮುಂದಿನ ಸೋಮವಾರ ಮತ್ತೆ ಬರಲು ಹೇಳಿದರು.

ಅಜ್ಜಿ ಆಟೋದಲ್ಲೇ ತೀರ್ಪು ಕೊಟ್ಟಳು. "ಸೂಜಿ ಬ್ಯಾಡ."

"ನಾ ಒಪ್ಪಸ್ತೀನಿ," ಎಂದು ಅವ್ವನಿಗೆ ಮಾತು ಕೊಟ್ಟೆ. "ನಾನ ಚುಚ್ಚತೀನಿ. ಸೋಮವಾರದೊಳಗ."

"ನೀನ?" ಎಂದಳು ಅವ್ವ. "ನಿನಗ ಮುಳ್ಳ ತಗಿಯಾಕ ಮೂರ ಮಂದಿ ಹಿಡೀಬೇಕು."

ಆ ಮಾತನ್ನು ನಾನು ಕೇಳಿಸಿಕೊಳ್ಳಲಿಲ್ಲ. ಆಸ್ಪತ್ರೆಯ ನರ್ಸಮ್ಮನ ಹತ್ತಿರ ಇನ್ಸುಲಿನ್ ಪೆನ್ನು ಹಿಡಿಯುವುದನ್ನು ಕಲಿತೆ. ಕಿತ್ತಳೆ ಹಣ್ಣಿಗೆ ನೀರು ಚುಚ್ಚಿ ಅಭ್ಯಾಸ ಮಾಡಿ ಎಂದಳು ಆಕೆ. ನಾಗಪುರದಲ್ಲಿ ಅದಕ್ಕೇನು ಬರ. ವಾರವಿಡೀ ಹಣ್ಣಿಗೆ ಚುಚ್ಚಿದೆ. ಅಪ್ಪ ತಿಂದು, ಈ ಸಲದ ಬೆಳೆಯಲ್ಲಿ ರುಚಿಯೇ ಇಲ್ಲ ಎಂದು ಬೇಸರ ಮಾಡಿಕೊಂಡರು.

ಕಷ್ಟವಾಗಿದ್ದು ಒಪ್ಪಿಸುವುದು. ಅಜ್ಜಿಯ ಹತ್ತಿರ ಒಂದು ಪ್ರಶ್ನೆ ಇತ್ತು, ಅದನ್ನು ಅವಳು ಕೋಲಿನಂತೆ ಅಡ್ಡ ಹಿಡಿದಿದ್ದಳು.

"ಮೈಯಾಗ ಸಕ್ಕರಿ ಭಾಳ ಆಗೇತಿ ಅಂತೀರಿ. ಸಕ್ಕರಿ ಅಂದ್ರ ಶಕ್ತಿ ಅಂತನೂ ಅಂತೀರಿ. ಅಷ್ಟ ಶಕ್ತಿ ತುಂಬಿದಾಕಿ ನಾ ಯಾಕ ಬಾಲ್ಕನಿಗೆ ಬರೂದ್ರಾಗ ಉಸ್ ಅಂತೀನಿ? ನಿಮ್ಮ ಲೆಕ್ಕದಾಗ ನಾ ಈಗ ಓಡಬೇಕಾಗಿತ್ತು."

ಕ್ಲಾಸಿನ ಬಣ್ಣದ ಪಟವನ್ನು ತಂದು ಮುಂದೆ ಹರಡಿದೆ. ಜೀವಕೋಶದ ಅಡ್ಡ ಸೀಳು, ಹದಿನೆಂಟು ಬಾಣದ ಗುರುತು.

"ಗಜ್ಜರಿ, ಬಟಾಣಿ ಎಲ್ಲಾ ಹಾಕ್ಯಾರ," ಎಂದಳು ಅಜ್ಜಿ. "ಉಪ್ಪಿಟ್ಟು ಚಲೋ ಕಾಣತೈತಿ."

ಪವರ್ ಹೌಸ್ ಎಂದೆ. ಕೋರಾಡಿಯದೋ ಎಂದಳು. ಅಲ್ಲಿ ದೊಡ್ಡ ವಿದ್ಯುತ್ ಕೇಂದ್ರವಿದೆ. ಮಿದುಳು ಎಂದೆ. ಅದು ನನಗೆ ಒಂದೇ ಸಾಕಾಗಿದೆ, ಕೋಟಿ ಕೋಟಿ ಯಾಕೆ ಎಂದಳು. ಶನಿವಾರದ ಹೊತ್ತಿಗೆ ನನ್ನ ಎಂ.ಎಸ್‌ಸಿ. ಪೂರ್ತಿ ಖರ್ಚಾಗಿತ್ತು, ಇನ್ನೊಂದೇ ದಿನ ಉಳಿದಿತ್ತು, ಹೆಬ್ಬೆರಳು ನಿನ್ನೆಗಿಂತ ಕಪ್ಪಾಗಿತ್ತು.

ಭಾನುವಾರ ಬೆಳಿಗ್ಗೆ ಅವಳ ಕುರ್ಚಿಯ ಪಕ್ಕ ನೆಲದ ಮೇಲೆ ಕೂತೆ. "ಅಜ್ಜಿ, ಪಟ ಬ್ಯಾಡ. ಕಥಿ ಹೇಳ್ತೀನಿ. ಕಥಿ ಖರೇ ಅನ್ನಿಸಿದ್ರ ಸೂಜಿ."

ಅಜ್ಜಿ ಆಕಾಶ ನೋಡಿದಳು. "ಹಗಲಾಗ ಕಥಿ ಹೇಳಿದ್ರ ಸ್ವಾದರಮಾವ ದಾರಿ ತಪ್ಪತಾನ."

ಇದು ನಮ್ಮ ಮನೆಯ ಕಾಯಿದೆ. ಚಿಕ್ಕಂದಿನಲ್ಲಿ ಮಧ್ಯಾಹ್ನ ಕಥೆ ಬೇಕೆಂದು ಕಾಡಿದಾಗಲೆಲ್ಲ, ಕಲ್ಲೇಶಮಾಮ ಯಾವುದೋ ಕಾಡಿನಲ್ಲಿ ಅಲೆಯುವುದನ್ನು ನೆನೆದು ನಾನೇ ಹಟ ಬಿಡುತ್ತಿದ್ದೆ. ಆದರೆ ರಾತ್ರಿ ಎಲ್ಲಿ ಹೇಳುವುದು? ನಾನು ಕ್ಲಾಸು ಮುಗಿಸಿ ಬರುವುದರೊಳಗೆ ಅಜ್ಜಿ ನಿದ್ದೆ ಹೋಗಿರುತ್ತಾಳೆ. ಇವತ್ತು ರಜೆ, ನಾಳೆ ಡಾಕ್ಟರು.

"ದಾರಿ ತಪ್ಪಾವ ಕಥಿ ಕೇಳಾವರ ಮಾವ," ಎಂದೆ. "ಕೇಳಾಕಿ ನೀನು. ನಿನ್ನ ಮಾವಂದಿರು ಕೈಲಾಸ ಮುಟ್ಟಿ ಎಷ್ಟ ವರ್ಷಾತು. ಇನ್ನೆಲ್ಲಿ ತಪ್ಪತಾರ?"

"ಅಲ್ಲ. ಹೇಳಾವರ ಮಾವ. ಹೇಳಾಕಿ ನೀ. ನಿನ್ನ ಮಾವ ಈಗ ಬಸ್ಸಿನಾಗ ಅದಾನ." ಸ್ವಲ್ಪ ತಡೆದು ಸೇರಿಸಿದಳು, "ಕೈಯಾಗ ಸಾಮಾನ ಬ್ಯಾರೆ ಇರತೈತಿ."

ಅಡುಗೆಮನೆಯಿಂದ ಅವ್ವ, "ಸಾಮಾನದ ಚಿಂತಿ ನೋಡು, ಮಗನ ಚಿಂತಿ ಅಲ್ಲ," ಎಂದಳು.

ಅಜ್ಜಿಗೆ ಆ ಮಾತು ಕೇಳಿಸಲಿಲ್ಲ. ಅವಳ ಕಿವಿ ಯಾವ ಮಾತಿಗೆ ಮುಚ್ಚಬೇಕು ಎಂಬುದನ್ನು ಚೆನ್ನಾಗಿ ತಿಳಿದ ಕಿವಿ. ಆದರೆ ಕಥೆ ಎಂಬ ಶಬ್ದಕ್ಕೆ ಅದು ಎಂದೂ ಮುಚ್ಚಿದ್ದಿಲ್ಲ. ಕುರ್ಚಿಗೆ ಬೆನ್ನು ಆನಿಸಿ ಕೂತಳು. "ಹೇಳು. ಹ್ಞೂಂ ಅಂತೀನಿ. ನಾ ಹ್ಞೂಂ ಅನ್ನೂದು ಬಿಟ್ಟಲ್ಲಿ ಕಥಿ ನಿಂತಂಗ."

"ಒಂದ ಊರಿತ್ತು. ಎಷ್ಟ ಸಣ್ಣ ಊರಂದ್ರ, ಸೂಜಿ ಮೊನಿ ಮ್ಯಾಲ ಅಂಥಾ ಊರು ಭಾಳ ಹಿಡೀತಾವ."

"ಸೂಜಿ ಯಾಕ ಬಂತು ಇಷ್ಟ ಲಗೂನ?"

"ಬರೇ ಅಳತಿಗೆ, ಅಜ್ಜಿ."

"ಅಳತಿಗೆ ಸಾಸಿವಿ ಕಾಳ ಇಲ್ಲೇನ ಮನ್ಯಾಗ? ಹ್ಞೂಂ."

"ಆ ಊರಿನ ಸುತ್ತ ಎಣ್ಣೀ ಗ್ವಾಡಿ."

"ಎಣ್ಣಿ ಗ್ವಾಡಿ ಹೆಂಗ ನಿಂದರತೈತಿ?"

"ಸಾರಿನ ಮ್ಯಾಲ ಒಗ್ಗರಣಿ ಎಣ್ಣಿ ನೀರಿನ ಕೂಡ ಬೆರಿಯಾಂಗಿಲ್ಲಲ್ಲ, ಹಂಗ. ಊರ ಹೊರಗೂ ನೀರು, ಒಳಗೂ ನೀರು. ನಡುವ ಎಣ್ಣಿ ಕಣಗೋಳು ಎರಡು ಸಾಲು. ಒಂದು ಸಾಲಿನ ತಲಿ ಹೊರಗಿನ ನೀರಿನ ಕಡೆ, ಇನ್ನೊಂದರ ತಲಿ ಒಳಗಿನ ನೀರಿನ ಕಡೆ. ಕಾಲು ನಡುವ."

ಅಜ್ಜಿ ಕಣ್ಣು ಮುಚ್ಚಿ ನೋಡಿದಳು. "ಮದವಿ ಮನ್ಯಾಗ ಎರಡ ಸಾಲ ಹಾಸಿಗಿ ಹಾಕಿ ಕಾಲಿಗೆ ಕಾಲ ಹಚ್ಚಿ ಮಲಗತಾರಲ್ಲ, ಹಂಗ. ನಡುವ ಯಾರೂ ದಾಟಾಕ ಬರಾಂಗಿಲ್ಲ. ಹ್ಞೂಂ."

ನಾಲ್ಕು ವರ್ಷ ಓದಿದ ಕೋಶಪೊರೆಯನ್ನು ಅಷ್ಟು ಸ್ಪಷ್ಟವಾಗಿ ನಾನು ಎಂದೂ ಕಂಡಿರಲಿಲ್ಲ. ಇನ್ನು ಮೇಲೆ ಕ್ಲಾಸಿನಲ್ಲಿ ಆ ಪಟ ಬರೆದಾಗಲೆಲ್ಲ ನನಗೆ ಕಲ್ಯಾಣಮಂಟಪದ ಗೊರಕೆ ಕೇಳಿಸುತ್ತದೆ.

"ಊರ ನಡುವ ಅರಮನಿ. ಅರಮನ್ಯಾಗ ಒಂದು ಗ್ರಂಥ. ಊರಿನ ಎಲ್ಲಾ ಕೆಲಸ ಹೆಂಗ ಮಾಡಬೇಕಂತ ಅದರಾಗ ಬರದೈತಿ. ಅದನ್ನ ಹೊರಗ ತರಾಂಗಿಲ್ಲ. ಬೇಕಾದಷ್ಟ ನಕಲು ತಗದು ಕಳಸ್ತಾರ. ಹೊರಗಿನ ಕೆಲಸಗಾರರು ಆ ನಕಲು ನೋಡಕೋತ ಮಣಿ ಪೋಣಿಸಿದಂಗ ಪೋಣಿಸಿ ಪ್ರೋಟೀನ್ ಮಾಡ್ತಾರ."

"ರಾಜ?"

"ರಾಜ ಇಲ್ಲ."

"ಅರಮನಿ ಐತಿ, ನಕಲು ಕೊಡ್ತಾರ, ರಾಜ ಇಲ್ಲ. ಅಂದ್ರ ತಹಶೀಲ್ದಾರ ಕಚೇರಿ. ಹ್ಞೂಂ."

"ಊರ ತುಂಬ ಒಲಿಗೋಳು. ಒಲಿ ಉರದ್ರನ ಊರಿಗೆ ಜೀವ. ಆ ಒಲಿಗೆ ಉರುವಲು ಸಕ್ಕರಿ. ನೀ ತಿಂದ ಜ್ವಾಳದ ರೊಟ್ಟಿ ಅಂದ್ರ ಸಕ್ಕರಿ ಕಣಗೋಳ ಉದ್ದನ ಸರ. ಹೊಟ್ಟ್ಯಾಗ ಸರ ಹರದು, ಬಿಡಿ ಬಿಡಿ ಸಕ್ಕರಿ ಆಗಿ, ರಕ್ತದ ಹೊಳಿಯಾಗ ಊರ ಹತ್ರ ಬರತೈತಿ."

ಅಜ್ಜಿ ನೆಟ್ಟಗಾದಳು. "ರೊಟ್ಟೀನೂ ಸಕ್ಕರೀನ?"

"ಹ್ಞೂಂ."

"ಹಂಗಾರ ಬರ್ಫಿ ಏನ ತಪ್ಪ ಮಾಡೇತಿ?"

ಉದಯ್ ಸರ್ ಇದ್ದಿದ್ದರೆ ಈ ಪ್ರಶ್ನೆ ಸಿಲೆಬಸ್ಸಿನಲ್ಲಿಲ್ಲ ಎನ್ನುತ್ತಿದ್ದರು. ನಾನು, "ರೊಟ್ಟಿ ಚಕ್ಕಡ್ಯಾಗ ಬರತೈತಿ, ಒಂದರ ಹಿಂದ ಒಂದು. ಬರ್ಫಿ ಲಾರಿ ತುಂಬಿ ಬಂದು ಒಮ್ಮೆಲೆ ಸುರೀತೈತಿ," ಎಂದೆ.

"ಲಾರಿ," ಎಂದಳು ಅಜ್ಜಿ, ಡಬ್ಬಿಯನ್ನು ಕಾಲಿನಿಂದ ಇನ್ನಷ್ಟು ಒಳಗೆ ಸರಿಸುತ್ತ. "ಹ್ಞೂಂ."

ಅಷ್ಟರಲ್ಲಿ ಫೋನು ಬಂತು. ಕಲ್ಲೇಶಮಾಮ. ಸೀತಾಬರ್ಡಿಯಲ್ಲಿ ಸಾಮಾನು ಕಟ್ಟಿಸಿಕೊಂಡು ಮೆಟ್ರೋ ಹತ್ತಿದ್ದಾನೆ, ಇನ್ನೇನು ಬಂದೆ ಎಂದ. ಅಜ್ಜಿಯ ಮುಖದಲ್ಲಿ ಎಷ್ಟು ಸಮಾಧಾನ ಕಂಡಿತೆಂದರೆ, ಬರ್ಫಿ ಬರುವುದರೊಳಗೆ ಮುಗಿಸಬೇಕೆಂದು ನಾನು ಗಾಬರಿಯಾಗಿ ಕಥೆಯನ್ನು ಜೋರು ಓಡಿಸಿದೆ.

"ಸಕ್ಕರಿಗೆ ಎಣ್ಣಿ ಗ್ವಾಡಿ ದಾಟಾಕ ಬರಾಂಗಿಲ್ಲ. ಬಾಗಲಾ ಬೇಕು. ಆ ಊರಿನವರು ಬಾಗಲಾ ಒಳಗ ಇಟ್ಟಕೊಂಡಿರ್ತಾರ. ಹೊಳಿಗುಂಟ ಒಬ್ಬ ಡಂಗುರದವ ಬರ್ತಾನ. ಅವನ ಹೆಸರ ಇನ್ಸುಲಿನ್. ಅವ ಊರಾಗ ಬರಾಂಗಿಲ್ಲ. ಗ್ವಾಡಿ ಹೊರಗ ನಿಂತು ಕಾವಲುಗಾರಗ ಹೇಳತಾನ, ಸಕ್ಕರಿ ಬಂದೈತಪಾ ಅಂತ. ಕಾವಲುಗಾರ ಒಳಗ ಸುದ್ದಿ ಮುಟ್ಟಸ್ತಾನ. ಆಮ್ಯಾಲ ಬಾಗಲಾ ತಂದು ಗ್ವಾಡಿಗೆ ಹಚ್ಚತಾರ."

"ಬಾಗಲಾ ಕಿತ್ತು ಒಳಗ ಇಡತಾರ," ಎಂದಳು ಅಜ್ಜಿ, ಮೆಚ್ಚುಗೆಯಿಂದ. "ಕಳ್ಳರ ಹೆದರಿಕಿ ತಿಳದ ಮಂದಿ. ಹ್ಞೂಂ. ಮತ್ತ ರಾಕ್ಷಸಿ ಯಾವಾಗ ಬರ್ತಾಳ?"

"ರಾಕ್ಷಸಿ ಇಲ್ಲ."

"ರಾಜನೂ ಇಲ್ಲ, ರಾಕ್ಷಸೀನೂ ಇಲ್ಲ. ಯಾವ ಸಾಲ್ಯಾಗ ಕಲತೀದಿ ಕಥಿ ಹೇಳೂದು?"

"ವರ್ಷ ಕಳದಂಗ ಕಾವಲುಗಾರಗ ಕಿವಿ ಮಂದ ಆತು, ಅಜ್ಜಿ."

ಅಜ್ಜಿ ಕಣ್ಣು ತೆರೆದಳು. "ಯಾರ ಕಿವಿ?"

"ಕಾವಲುಗಾರಂದು."

"ನೋಡಿ ಮಾತಾಡು."

"ಡಂಗುರದವರು ಬರೂದೂ ಕಡಿಮಿ ಆತು. ಬಂದವರ ದನೀನೂ ಬಿತ್ತು. ಅವರು ಕೂಗಿದ್ದು ಇವಗ ಕೇಳವಲ್ದು. ಬಾಗಲಾ ಒಳಗ ಉಳದ್ವು. ಹೊರಗ ಹೊಳಿ ತುಂಬ ಸಕ್ಕರಿ. ದಂಡಿ ಮ್ಯಾಲ ಸಕ್ಕರಿ. ಅಷ್ಟ ಸಕ್ಕರಿ ಯಾವ ರಾಜ್ಯದಾಗೂ ಇಲ್ಲ." ನನ್ನ ಸ್ವರ ಯಾಕೋ ಇಳಿಯಿತು. "ಒಳಗ ಒಲಿ ಆರ್ಯಾವ. ಊರ ಮಂದಿ ಸಕ್ಕರಿ ವಾಸನಿ ಕುಡಕೋತ ಹಸದು ಮಲಗ್ಯಾರ. ಗ್ವಾಡಿ ಬಿರುಕು ಬಿಟ್ಟೈತಿ, ಮೆತ್ತಾಕ ಏಳೂ ಶಕ್ತಿ ಯಾರಿಗೂ ಇಲ್ಲ."

ಅಜ್ಜಿ ಹ್ಞೂಂ ಎನ್ನಲಿಲ್ಲ.

ಕೆಳಗೆ ರಸ್ತೆಯಲ್ಲಿ ಕಾಂದಾ ಬಟಾಟಾ ಎಂದು ಕೂಗುತ್ತ ಈರುಳ್ಳಿ ಆಲೂಗಡ್ಡೆಯ ಗಾಡಿಯವನು ಹೋದ. ಅಜ್ಜಿ ತನ್ನ ಹೆಬ್ಬೆರಳಿನ ಪಟ್ಟಿಯನ್ನೇ ನೋಡುತ್ತಿದ್ದಳು. ಪಟ್ಟಿಯ ಅಂಚು ಒದ್ದೆಯಾಗಿತ್ತು. ಹ್ಞೂಂ ಇಲ್ಲದೆ ಕಥೆ ಮುಂದೆ ಹೋಗುವಂತಿಲ್ಲ, ಇನ್ನೊಂದು ಮಾತು ಆಡಿದರೆ ಇಷ್ಟು ಹೊತ್ತು ಕಟ್ಟಿದ್ದು ಕುಸಿಯುತ್ತದೆ. ಆ ಪಟ್ಟಿಯ ಅಂಚನ್ನು ಮೆಲ್ಲಗೆ ಒತ್ತಿ ಒರೆಸಿದೆ. ಈ ಬೆರಳಿನಿಂದಲೇ ಅವಳು ತೊಟ್ಟಿಲು ತೂಗುತ್ತ ನನಗೆ ಕಥೆ ಹೇಳುತ್ತಿದ್ದದ್ದು.

ಮತ್ತೆ ಫೋನು ಬಂತು. ಸ್ಪೀಕರಿಗೆ ಹಾಕಿದೆ.

"ಅವ್ವಾ," ಎಂದ ಕಲ್ಲೇಶಮಾಮ. ಹಿಂದೆ ಗಾಳಿ ಬೀಸುವ ಸದ್ದು. "ನಾ ಖಾಪ್ರಿಗೆ ಬಂದೀನಿ."

ಖಾಪ್ರಿ ಎಂದರೆ ಬುಟಿಬೋರಿಗೆ ಹೋಗುವ ದಾರಿಯಲ್ಲಿ, ಮೆಟ್ರೋದ ಆ ತುದಿಗೆ. ಅಂದರೆ ಅವನು ಬೆಳಿಗ್ಗೆ ಹೊರಟ ಕಡೆಗೇ ವಾಪಸು ಹೋಗಿದ್ದ.

"ಅಲ್ಯಾಕ ಹ್ವಾದಿ?"

"ಸೀತಾಬರ್ಡ್ಯಾಗ ಎರಡು ಲೈನು ಕೂಡತಾವ ನೋಡವ್ವಾ. ಫೋನಿನಾಗ ಮ್ಯಾಚ್ ನೋಡಕೋತ ಯಾವುದೋ ಹತ್ತಿಬಿಟ್ಟೆ. ಎಲ್ಲಾರೂ ಇಳದ ಮ್ಯಾಲ ಗೊತ್ತಾತು. ಕಾಯ್ ಸಾಂಗು, ಏನ ಹೇಳಲಿ."

"ದಾರಿ ತಪ್ಪಾಕ ಅವಗ ಕಥೀನ ಬೇಕಾಗಿಲ್ಲ," ಎಂದಳು ಅವ್ವ ಒಳಗಿನಿಂದ. "ಹೋದ ತಿಂಗಳೂ ತಪ್ಪಿದ್ದ."

ಅಜ್ಜಿಗೆ ಅದು ಕೇಳಿಸಲಿಲ್ಲ. ಅವಳು ನನ್ನನ್ನು ನೋಡುತ್ತಿದ್ದಳು, ಚಿಕ್ಕಂದಿನಲ್ಲಿ ನಾನು ಅವಳನ್ನು ನೋಡುತ್ತಿದ್ದ ಹಾಗೆ.

"ಹೇಳಾವರ ಮಾವ," ಎಂದಳು ಮೆಲ್ಲಗೆ. "ನಾ ಅಂದಿದ್ನಿಲ್ಲ?"

"ಅಂದಿದ್ದಿ."

"ಸುಳ್ಳ ಕಥಿಗೆ ಯಾರೂ ದಾರಿ ತಪ್ಪಾಂಗಿಲ್ಲ, ರಕ್ಷಾ. ನನ್ನ ಕಥಿಗೆ ಒಮ್ಮೆ ನನ್ನ ಮಾವ ಬದಾಮಿಗೆ ಹೋಗಾವ ಬಾಗಲಕೋಟ್ಯಾಗ ಇಳದಿದ್ದ, ಅಷ್ಟ. ನಿನ್ನ ಕಥಿ ನಿನ್ನ ಮಾವನ್ನ ತಿರುಗಿಸಿ ಅವನ ಮನಿಗೇ ಅಟ್ಟೇತಿ." ಉಸಿರು ಬಿಟ್ಟಳು. "ಖರೇ ಐತಿ. ಹ್ಞೂಂ."

ಒಂದರ ಹಿಂದೆ ಇನ್ನೊಂದು ನಡೆದ ಮಾತ್ರಕ್ಕೆ ಮೊದಲಿನದೇ ಕಾರಣ ಎನ್ನಬಾರದು ಎಂದು ಎಂ.ಎಸ್‌ಸಿ.ಯಲ್ಲಿ ನಮಗೆ ತಲೆಗೆ ಹೊಡೆದು ಕಲಿಸಿದ್ದರು. ಪರೀಕ್ಷೆಯಲ್ಲಿ ಅದರ ಮೇಲೆ ನಾನು ಎರಡು ಪುಟ ಬರೆದಿದ್ದೆ. ಆ ಪಾಠವನ್ನು ಆ ಹೊತ್ತಿನಲ್ಲಿ ನೆನಪು ಮಾಡಿಕೊಳ್ಳುವುದು ಬೇಡ ಎಂದು ನಿರ್ಧರಿಸಿ, "ಮುಂದ ಏನಾತಂದ್ರ," ಎಂದೆ, "ಹೊರಗಿನಿಂದ ಹೊಸಾ ಡಂಗುರದವರನ್ನ ಕರಸಬೇಕಾತು. ಅವರು ಸೂಜಿ ದಾರಿಲೆ ಬರ್ತಾರ. ಬಾಯಿಲೆ ನುಂಗಿದ್ರ ಹೊಟ್ಟಿ ಅವರನ್ನೂ ಬ್ಯಾಳಿ ಹಂಗ ಅರಗಿಸಿಬಿಡತೈತಿ. ಅವರೂ ಪ್ರೋಟೀನ್ ಮಣಿ ಸರಾನ ಅಲ್ಲ?"

"ಹಿಂಡಗಟ್ಟಲೆ ಬಂದು ಒದರಿದ್ರ ಕಿವುಡಗೂ ಕೇಳತೈತಿ," ಎಂದಳು ಅಜ್ಜಿ. "ತಾ ಹಂಗಾರ."

ನಾನು ಎದ್ದೆ. ಫ್ರಿಜ್ಜಿನ ಬಾಗಿಲಿನಲ್ಲಿ, ಬೆಣ್ಣೆಯ ಪಕ್ಕದಲ್ಲಿ, ಪೆನ್ನು ಕಾಯುತ್ತಿತ್ತು. ಸೂಜಿ ಸಿಕ್ಕಿಸಿ, ಡಾಕ್ಟರು ಹೇಳಿದಷ್ಟಕ್ಕೆ ತಿರುಗಿಸಿ, ಬಾಲ್ಕನಿಗೆ ಬಂದು ಮಂಡಿಯೂರಿದೆ. ಅವ್ವ ಕೈ ಒರೆಸಿಕೊಳ್ಳುತ್ತ ಬಾಗಿಲಲ್ಲಿ ಬಂದು ನಿಂತಳು. ಅಜ್ಜಿ ಸೀರೆ ಸರಿಸಿ ಹೊಟ್ಟೆಯ ಮಡಿಕೆಯನ್ನು ತಾನೇ ಹಿಡಿದು ಕೊಟ್ಟಳು. ತೆಳುವಾದ, ಬೆಚ್ಚಗಿನ, ಹಳೆಯ ಹತ್ತಿ ಸೀರೆಯಂಥ ಚರ್ಮ. ಇದರಲ್ಲಿ ಎಷ್ಟು ಊರು, ಎಷ್ಟು ಆರಿದ ಒಲೆ ಎಂದುಕೊಂಡೆ. ಅಷ್ಟೇ, ಪೆನ್ನನ್ನು ಹಿಂದಕ್ಕೆ ಎಳೆದುಕೊಂಡೆ.

ಕಿತ್ತಳೆ ಹಣ್ಣಿಗೆ ಮುಖವಿರಲಿಲ್ಲ.

"ಏನಾತು?" ಎಂದಳು ಅಜ್ಜಿ.

"ಅಜ್ಜಿ, ನಿನಗ ನೋಯತೈತಿ."

"ನೋಡ, ಈಗ ಇಕೀಗೆ ಒಪ್ಪಸಬೇಕು," ಎಂದಳು ಅವ್ವ. "ನಾ ಅಂದಿದ್ನಿಲ್ಲ, ಮೂರ ಮಂದಿ ಹಿಡೀಬೇಕಂತ? ಕೊಡಿಲ್ಲಿ."

"ಬ್ಯಾಡ," ಎಂದಳು ಅಜ್ಜಿ. "ಮಾತ ಕೊಟ್ಟಾಕಿ ಆಕಿ. ಆಕೀನ ಚುಚ್ಚಲಿ." ನನ್ನ ಕಡೆ ತಿರುಗಿದಳು. "ಸಂತ್ರಾ ಹಣ್ಣು ಅಳಲಿಲ್ಲ. ನಾನೂ ಅಳಾಂಗಿಲ್ಲ. ನೀ ಅಳಬ್ಯಾಡ. ಕಥಿ ಹೇಳ್ತೀನಿ. ಹ್ಞೂಂ ಅನ್ನು."

"ಹಗಲು, ಅಜ್ಜಿ. ಮಾಮಾ—"

"ನನ್ನ ಮಾವಂದಿರು ಕೈಲಾಸ ಮುಟ್ಟ್ಯಾರ. ನಿನ್ನ ಮಾವ ಹೆಂಗೂ ತಪ್ಪ್ಯಾನ, ಇನ್ನೆಷ್ಟ ತಪ್ಪತಾನ? ಕೇಳು. ಒಂದ ಊರಿತ್ತು. ಎಣ್ಣಿ ಗ್ವಾಡಿ ಊರು."

"ಹ್ಞೂಂ."

"ಗ್ವಾಡಿ ಮ್ಯಾಲ ಕಾವಲಿಗೆ ಒಬ್ಬಾಕಿ ಮುದುಕಿ ಇದ್ಲು. ಕಾವಲುಗಾರ ಅಲ್ಲ, ಮುದುಕಿ. ನೀ ತಪ್ಪ ಹೇಳಿದಿ. ಆಕಿ ಕಿವಿ ಬರೋಬ್ಬರಿ ಇದ್ವು."

"ಹ್ಞೂಂ."

"ಕೇಳಿಸಿದ್ರೂ ಕೇಳಿಸದಾವರಂಗ ಕುಂತಿದ್ಲು. ಯಾಕಂದ್ರ ಹೊರಗ ಸಕ್ಕರಿ ರಾಶಿ ನೋಡಾಕ ಆಕಿಗೆ ಭಾಳ ಚಂದ ಅನಸ್ತಿತ್ತು. ಒಳಗ ಮಂದಿ ಹಸದಾರಂತ ಆಕಿಗೆ ಯಾರೂ ಹೇಳಿರಲಿಲ್ಲ."

"ಹ್ಞೂಂ," ಎಂದೆ. ಪೆನ್ನನ್ನು ಮತ್ತೆ ಹತ್ತಿರ ತಂದೆ.

"ಒಂದಿನ ಆಕಿ ಮೊಮ್ಮಗಳು ಬಂದು ಹೇಳಿದ್ಲು. ಹೇಳಾಕಿ ತಾ, ಹೆದರಾಕೀನೂ ತಾ."

ಅವ್ವ ನಕ್ಕಳು. ನಾನೂ ನಕ್ಕೆ. ನಗುತ್ತಿದ್ದಂತೆಯೇ ಸೂಜಿ ಒಳಗೆ ಹೋಯಿತು. ಅಜ್ಜಿಯ ಸ್ವರ ಎಲ್ಲೂ ತಡವರಿಸಲಿಲ್ಲ.

"ಅಷ್ಟರಾಗ ಡಂಗುರದವರು ಬಂದ್ರು ನೋಡು, ಡಂ ಡಂ ಡಂ. ಆಗ ಮುದುಕಿ ಅಂದ್ಲು, ಎಷ್ಟ ಒದರ್ತೀರೋ, ಕೇಳಸ್ತು, ಬಾಗಲಾ ತರ್ರಿ ಅಂತ."

"ಹ್ಞೂಂ."

ಪೆನ್ನಿನ ಗುಂಡಿಯನ್ನು ಪೂರ್ತಿ ಒತ್ತಿ, ನರ್ಸಮ್ಮ ಹೇಳಿದಂತೆ ಸ್ವಲ್ಪ ಹೊತ್ತು ಹಾಗೇ ಹಿಡಿದೆ.

"ಬಾಗಲಾ ತಂದು ಹಚ್ಚಿದ್ರು. ಸಕ್ಕರಿ ಒಳಗ ಹ್ವಾತು. ಒಂದ ಒಲಿ ಹತ್ತಿತು. ಅದರ ಕೆಂಡ ತಗೊಂಡು ಬಾಜೂ ಮನ್ಯಾಕಿ ತನ್ನ ಒಲಿ ಹಚ್ಚಿದ್ಲು." ನನ್ನ ತಲೆಯ ಮೇಲೆ ಕೈಯಿಟ್ಟಳು. "ಬಾಗಲಾ ತಗದ ಮ್ಯಾಲ ಬರ್ಫಿ ಬರಬಹುದಲ್ಲ?"

"ಅದು ಬ್ಯಾರೆ ಕಥಿ, ಅಜ್ಜಿ. ರಾತ್ರಿ ಹೇಳೂದು."

"ನೋಡೂಣು. ಚುಚ್ಚಿದೇನ ಮತ್ತ?"

"ಹ್ಞೂಂ," ಎಂದು ಸೂಜಿಯನ್ನು ಹೊರಗೆ ತೆಗೆದೆ.